ವಿಯೆನ್ನಾ ಪ್ರವಾಸ: ಒಪೇರಾ, ಮ್ಯೂಸಿಯಂ, ಊಟದ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ನಲ್ಲಿ ಓದುತ್ತಿರುವ ನಾವೊಂದಷ್ಟು ಕನ್ನಡದ ವಿದ್ಯಾರ್ಥಿಗಳು ರಜೆಗೆ ರೈಲಲ್ಲಿ ವಿಯೆನ್ನಾಕ್ಕೆ ಹೊರಟಿದ್ದೇವೆ. ಅಲ್ಲಿರುವವರು ಸ್ವಲ್ಪ ಹೇಳಿ.

ಸ್ಟೇಟ್ ಒಪೇರಾದಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್ ಸಿಗುತ್ತದೆ, ಮೊದಲೆಲ್ಲ ಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಹಿಡಿಯುತ್ತಿದ್ದರು ಅಂತ ಗೊತ್ತು. ಟವೆಲ್ ಹಾಕಿ ಬಸ್ಸಲ್ಲಿ ಸೀಟು ಹಿಡಿದವರಿಗೆ ಇದೇನು ಹೊಸದಲ್ಲ! ಆದರೆ ಈಗ ಎಲ್ಲರೂ ಒಂದೇ ಕಡೆ ನಿಲ್ಲಬೇಕೆಂದರೆ ಏನು ಮಾಡಬೇಕು? ಜೀನ್ಸ್ ನಡೆಯುತ್ತಾ?

ಕುನ್ಸ್ಟ್‌ಹಿಸ್ಟೋರಿಶಸ್ ಕಲಾ ಮ್ಯೂಸಿಯಂನಲ್ಲಿ ಚಿತ್ರಕಾರ ಬ್ರೂಗಲ್‌ನ ಚಿತ್ರಗಳ ಕೋಣೆಗೆ ಯಾವ ಹೊತ್ತಲ್ಲಿ ಜನ ಕಮ್ಮಿ? 1565ರ ‘ಹಿಮದಲ್ಲಿ ಬೇಟೆಗಾರರು’ ಚಿತ್ರದ ಎದುರು ಸುಮ್ನೆ ಕೂರುವ ಆಸೆ.

ಊಟದ್ದೇ ದೊಡ್ಡ ತಲೆನೋವು. ಕೆಲವರು ಮೊಟ್ಟೆಯನ್ನೂ ಮುಟ್ಟಲ್ಲ. ಕೈಸರ್‌ಶ್ಮಾರ್ನ್ ಎಂಬ ಸಿಹಿ ಪ್ಯಾನ್‌ಕೇಕ್‌ಗೆ ಮೊಟ್ಟೆ ಜಾಸ್ತಿ ಹಾಕ್ತಾರೆ ಅಲ್ವಾ? ನಾಷ್‌ಮಾರ್ಕ್ಟ್ ಮಾರುಕಟ್ಟೆಯ ಸುತ್ತಮುತ್ತ ಹೊಟ್ಟೆ ತುಂಬುವ, ದುಬಾರಿಯಲ್ಲದ ಸಸ್ಯಾಹಾರಿ ಜಾಗ ಗೊತ್ತಿದ್ದರೆ ದಯವಿಟ್ಟು ತಿಳಿಸಿ.