ಮಟ್ಟು, ವರ್ಣಮೆಟ್ಟು, ರಾಗ ಸಂಯೋಜನೆ: ನಾಟಕದ ಹಾಡಿಗೆ ಯಾವ ಪದ?

ಗೆಳೆಯರೇ, ನಮಸ್ಕಾರ.

ನಾನು ಮೈಸೂರಿನಲ್ಲಿ ನಾಟಕಗಳಿಗೆ ಸಂಗೀತ ಮಾಡುವವನು. ನಮ್ಮ ಹೊಸ ನಾಟಕದ ಕರಪತ್ರ ಅಚ್ಚಿಗೆ ಹೋಗಬೇಕು. ನನ್ನ ಹೆಸರಿನ ಜೊತೆ ಏನು ಹಾಕಬೇಕು ಅಂತ ತಂಡದವರು ಕೇಳಿದ್ದಾರೆ. ಇಷ್ಟು ವರ್ಷ ಒಮ್ಮೆ ‘ಸಂಗೀತ ನಿರ್ದೇಶನ’, ಒಮ್ಮೆ ‘ರಾಗ ಸಂಯೋಜನೆ’, ಒಮ್ಮೆ ಬರೀ ‘ಸಂಗೀತ’ ಅಂತ ಹಾಕಿಕೊಂಡು ಬಂದೆವು. ಈ ಸಲ ಸರಿಯಾದ ಪದ ಹಾಕಬೇಕು ಅಂತ ಆಸೆ.

‘ರಾಗ ಸಂಯೋಜನೆ’ ನನಗೆ ಒಪ್ಪಿಗೆಯಿಲ್ಲ. ಮೋಹನ, ಕಲ್ಯಾಣಿ ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಇದ್ದವು. ಅವುಗಳಲ್ಲಿ ಒಂದು ಹಾಡು ಕಟ್ಟಿದೆ ಅಂದರೆ ರಾಗವನ್ನೇ ಸಂಯೋಜಿಸಿದೆ ಅಂತ ಅಲ್ಲವಲ್ಲ. ‘ಸಂಗೀತ ನಿರ್ದೇಶನ’ ಸಿನಿಮಾಕ್ಕೆ ಸರಿ. ನಾಟಕದಲ್ಲಿ ನಿರ್ದೇಶಕರು ಒಬ್ಬರೇ. ಸೀನು ಬದಲಾಗುವುದಕ್ಕೆ ಇನ್ನೂ ನಾಲ್ಕು ಸಾಲು ಬೇಕು ಅಂದರೆ ನಾನು ಹಾಡು ಹಿಗ್ಗಿಸುತ್ತೇನೆ, ಬೇಡ ಅಂದರೆ ಕತ್ತರಿಸುತ್ತೇನೆ. ಇನ್ನು ‘ವಾಗ್ಗೇಯಕಾರ’ ಅನ್ನುವುದು ಮಾತು (ಹಾಡಿನ ಸಾಹಿತ್ಯ), ಧಾತು (ಅದರ ಸಂಗೀತ) ಎರಡನ್ನೂ ತಾವೇ ಮಾಡುವವರ ಹೆಸರು. ಪುರಂದರದಾಸರಿಗೆ, ನಮ್ಮ ಮೈಸೂರು ವಾಸುದೇವಾಚಾರ್ಯರಿಗೆ ಅದು ಸಲ್ಲುತ್ತದೆ. ನಾಟಕದಲ್ಲಿ ಮಾತು ಕವಿಯದು, ನನ್ನ ಪಾಲಿಗೆ ಬರುವುದು ಧಾತು ಮಾತ್ರ.

ಉಳಿದದ್ದು ‘ಮಟ್ಟು’, ಅಂದರೆ ಹಾಡು ಹೇಳುವ ಧಾಟಿ. ಈ ಪದದ ಬೆಲೆ ನನಗೆ ಗೊತ್ತಾಗಿದ್ದು ಒಬ್ಬ ಹಿರಿಯ ಹಾರ್ಮೋನಿಯಂ ಮೇಷ್ಟ್ರಿಂದ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದವರು. ಗದ್ದೆ ಕೆಲಸ ಮುಗಿಸಿ ಬಂದವರನ್ನು ರಾತ್ರಿ ಕೂರಿಸಿಕೊಂಡು, ಕಂದ, ವೃತ್ತ ಅನ್ನುವ ಪದ್ಯಗಳನ್ನೆಲ್ಲಾ ಬಾಯಿಗೆ ಬರಿಸಿ, ಒಬ್ಬೊಬ್ಬರ ಶ್ರುತಿ ಹುಡುಕಿ ಹಾಡಿಸುವ ಕೆಲಸ ಅವರದು. ಅವರು ಒಂದು ಸಂಜೆ ನಮ್ಮ ತಾಲೀಮಿಗೆ ಬಂದಿದ್ದರು.

ಆಗ ನಮ್ಮ ಹಾಡಿನ ಮೊದಲ ಸಾಲು ‘ನೀರು ಬಂತು ನಾಲೆಗೆ’. ನಾನು ಅದನ್ನು ಆದಿತಾಳದಲ್ಲಿ, ನಾಲ್ಕು ನಾಲ್ಕು ಎಣಿಕೆಗೆ ಕೂರಿಸಿದ್ದೆ. ಹುಡುಗರು ಒಂದು ವಾರದಿಂದ ಹಾಡುತ್ತಿದ್ದರು. ಎಲ್ಲೋ ಎಡವುತ್ತಿತ್ತು, ಎಲ್ಲಿ ಅಂತ ಸಿಗುತ್ತಿರಲಿಲ್ಲ. ಮೇಷ್ಟ್ರು ತೊಡೆ ತಟ್ಟಿಕೊಂಡು ಎರಡು ಸಲ ಕೇಳಿದರು. ಆಮೇಲೆ, “ಪದ ಮೂರರಲ್ಲಿ ನಡೀತಾ ಅದೆ, ನೀವು ನಾಲ್ಕರಲ್ಲಿ ಎಳೀತಾ ಇದ್ದೀರಿ. ಮಟ್ಟು ಕೂತಿಲ್ಲ ಸ್ವಾಮಿ” ಅಂದರು.

ಸರಿಯಾಗೇ ಹೇಳಿದ್ದರು. ನೀರು, ಬಂತು, ನಾಲೆ: ಒಂದೊಂದೂ ಮೂರು ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ). ನಾಲ್ಕರ ಎಣಿಕೆಯಲ್ಲಿ ಎರಡನೇ ಪೆಟ್ಟು ‘ಬಂ’ ಅಕ್ಷರದ ನಡುವೆ ಬಿದ್ದು ಪದ ಸೀಳಿಹೋಗುತ್ತಿತ್ತು. ಅದೇ ರಾಗ ಇಟ್ಟುಕೊಂಡು ನಡೆಯನ್ನು ಮೂರಕ್ಕೆ ತಂದೆ. ಹುಡುಗರು ಅವತ್ತೇ ಹಾಡಿಕೊಂಡು ಕುಣಿದರು. ಅಂದರೆ ರಾಗ ಬದಲಾಗಲಿಲ್ಲ, ಮಟ್ಟು ಬದಲಾಯಿತು. ಈ ಎರಡು ಪದಗಳ ನಡುವಿನ ಅಂತರ ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ತೋರಿಸಿಲ್ಲ.

ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಬೇರೊಂದು ಹಾಡಿನ ಸಾಲು ಕೊಟ್ಟು ‘ಎಂಬ ಮಟ್ಟು’ ಅಂತ ಅಚ್ಚಾಗಿರುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿ ಜನಕ್ಕೆ ಗೊತ್ತಿರುವ ಹಾಡು ಮೊದಲು, ಪದ ಆಮೇಲೆ. ನನ್ನ ಕೆಲಸ ಇದಕ್ಕೆ ತಿರುಗುಮುರುಗು, ಪದ ಮೊದಲು. ಯಕ್ಷಗಾನದವರೂ ಮಟ್ಟು ಅನ್ನುತ್ತಾರೆ. ಕಛೇರಿ ಸಂಗೀತದವರು ಅದನ್ನೇ ‘ವರ್ಣಮೆಟ್ಟು’ ಅನ್ನುತ್ತಾರೆ.

ಇಲ್ಲಿಂದ ನನ್ನ ಪ್ರಶ್ನೆ. ಮಟ್ಟು, ಮೆಟ್ಟು ಎರಡೂ ಒಂದೇ ಪದವೇ? ‘ನನ್ನ ಮಟ್ಟಿಗೆ’ ಅನ್ನುವಾಗ ಇರುವ ಮಟ್ಟು ಅಳತೆಯದು. ಮೆಟ್ಟು ಅಂದರೆ ಕಾಲಿಡು, ವೀಣೆಯಲ್ಲಿ ತಂತಿ ಒತ್ತುವ 24 ಮೆಟ್ಟಿಲೂ ಅಲ್ಲಿಂದಲೇ ಬಂದಿರಬೇಕು. ಹಾಡಿಗೆ ಎರಡೂ ಹೊಂದುತ್ತವೆ, ಅದೇ ತೊಡಕು. ಮೇಷ್ಟ್ರ ಮಾತು ಕೇಳಿದ ಮೇಲೆ ನನ್ನ ಒಲವು ಅಳತೆಯ ಕಡೆಗೇ. ಪದದ ಅಳತೆಗೆ ಸರಿಯಾಗಿ ಬಂದರೆ ತಾನೇ ಅದು ಕೂರುವುದು?

ಇನ್ನೊಂದು. ಮಟ್ಟು ಹಾಕು, ಮಟ್ಟು ಕಟ್ಟು, ಮಟ್ಟು ಕೂರಿಸು: ಮೂರೂ ಕೇಳಿದ್ದೇನೆ. ನಿಮ್ಮ ಕಡೆ ಯಾವುದು ಜಾಸ್ತಿ? ಈ ಕೆಲಸ ಮಾಡುವವರಿಗೆ ಹೆಸರೇನು? ನಮ್ಮ ಕಡೆ ಸುಮ್ನೆ ‘ಮೇಷ್ಟ್ರು’ ಅಂದುಬಿಡುತ್ತಾರೆ. ಪ್ರೀತಿಯ ಪದವೇ, ಆದರೆ ಕರಪತ್ರಕ್ಕೆ ಸಾಲದು ಅಲ್ವಾ?

ನನಗೇ ಒಂದು ಅಳುಕಿದೆ, ಅದನ್ನೂ ಹೇಳಿಬಿಡುತ್ತೇನೆ. ಹುಡುಗನಾಗಿದ್ದಾಗಲೇ ಗುಬ್ಬಿ ನಾಟಕ ಕಂಪನಿ ಸೇರಿ, 1989ರಲ್ಲಿ ನಮ್ಮ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಮೊದಲ ನಿರ್ದೇಶಕರಾದ ಬಿ.ವಿ. ಕಾರಂತರು ರಂಗಸಂಗೀತ ಅಂದರೆ ಹಾಡಷ್ಟೇ ಅಲ್ಲ ಅಂತ ಮಾಡಿ ತೋರಿಸಿದರು. ಕೋಲಿನ ಸದ್ದು, ನಟರ ಉಸಿರು, ನಡುವಿನ ಮೌನ, ಇವನ್ನೂ ನಾವು ತಾಲೀಮಿನಲ್ಲಿ ಕೂತು ಕಟ್ಟುತ್ತೇವೆ. ‘ಮಟ್ಟು’ ಅಂದರೆ ಇದೆಲ್ಲ ಹೊರಗೆ ಉಳಿಯುತ್ತದೆ. ಹಾಗಾಗಿ ‘ಮಟ್ಟು ಮತ್ತು ರಂಗಸಂಗೀತ’ ಅಂತ ಎರಡೂ ಹಾಕಿಸೋಣ ಅಂದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಶುಕ್ರವಾರದೊಳಗೆ ಬರೆಯಿರಿ, ಅವತ್ತು ಸಂಜೆ ಕರಪತ್ರ ಅಚ್ಚಿಗೆ ಹೋಗುತ್ತದೆ.