ಸಹಾಯ ಬೇಕು: ತಂಗಿಯ ಮದುವೆಗೆ ಅಮ್ಮನನ್ನು ಒಪ್ಪಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ನನ್ನ ತಂಗಿ ಅಲ್ಲಿನ ಕಪ್ಪು ಜನಾಂಗದ ಹುಡುಗನನ್ನು ಮದುವೆ ಆಗಬೇಕು ಅಂತಿದ್ದಾಳೆ. ತುಂಬಾ ಒಳ್ಳೆಯ ಹುಡುಗ. ಅಪ್ಪ ಒಪ್ಪಿದ್ದಾರೆ. ಅಮ್ಮ ಮಾತ್ರ ಫೋನಿನಲ್ಲಿ ಅವನ ಫೋಟೋ ದೊಡ್ಡದು ಮಾಡಿ ಮಾಡಿ ನೋಡುತ್ತಾರೆ. "ಹುಟ್ಟೋ ಮಕ್ಕಳನ್ನ ನೋಡಿ ಜನ ಏನಂತಾರೆ?" ಅಂತ ಕೇಳಿ ಎದ್ದು ಹೋಗುತ್ತಾರೆ.

ಕಾಲ ಬದಲಾಗಿದೆ ಅಂತ ಹೇಳಿ ನೋಡಿದೆ. 1967ರಲ್ಲಿ ಲವಿಂಗ್ ಎಂಬ ಕಪ್ಪು-ಬಿಳಿ ದಂಪತಿಯ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಬರುವವರೆಗೂ ಅಲ್ಲಿನ 16 ರಾಜ್ಯಗಳಲ್ಲಿ ಬಿಳಿಯರು ಕಪ್ಪು ಜನಾಂಗದವರನ್ನು ಮದುವೆ ಆಗೋದಕ್ಕೆ ಕಾನೂನಿನ ತಡೆ ಇತ್ತು. ಅಲ್ಲಿನ ಗ್ಯಾಲಪ್ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಕಪ್ಪು-ಬಿಳಿಯರ ಮದುವೆ ಸರಿ ಅಂದವರು 1958ರಲ್ಲಿ ಬರೀ ಶೇ. 4, 2021ರಲ್ಲಿ ಶೇ. 94. ಅಮ್ಮನಿಗೆ ಇದ್ಯಾವುದೂ ನಾಟಲಿಲ್ಲ. ಅವರಿಗೆ ಭಯ ಇರುವುದು ನೆಂಟರ ಬಾಯಿಗೆ ಅಲ್ವಾ?

ನಿಮ್ಮ ಮನೆಯಲ್ಲಿ ಇಂಥ ಮದುವೆ ಆಗಿದ್ದರೆ ದಯವಿಟ್ಟು ಹೇಳಿ. ಹಿರಿಯರ ಮನಸ್ಸು ಯಾವಾಗ ಕರಗಿತು? ಹುಡುಗನನ್ನು ನೇರವಾಗಿ ಮನೆಗೆ ಕರೆಸುವುದು ಒಳ್ಳೆಯದಾ, ಮೊದಲು ವಿಡಿಯೋ ಕಾಲ್ ಮಾಡಿಸಬೇಕಾ? ಅವನ ಬಣ್ಣದ ಬಗ್ಗೆ ಯಾರಾದರೂ ಎದುರಿಗೇ ಚುಚ್ಚಿ ಮಾತಾಡಿದರೆ ನೀವು ಏನು ಮಾಡಿದಿರಿ? ಮಕ್ಕಳಿರುವವರು ಬರೆದರೆ ಜಾಸ್ತಿ ಉಪಕಾರ, ಅಮ್ಮನಿಗೆ ಓದಿ ಹೇಳುತ್ತೇನೆ. ಸುಮ್ನೆ ರಿಜಿಸ್ಟರ್ ಮಾಡಿಸಿಬಿಡಿ ಅನ್ನಬೇಡಿ. ಅಮ್ಮ ಬಾರದೆ ಮದುವೆಯೇ ಬೇಡ ಅಂತ ತಂಗಿ ಹಟ ಹಿಡಿದಿದ್ದಾಳೆ.