ಒಂದು ಮೂಟೆ ಸಿಮೆಂಟಿಗೆ ಎಷ್ಟು ನೀರು? ಗೊತ್ತಿದ್ದವರು ಹೇಳಿ

ಹಿತ್ತಲಲ್ಲಿ ಓಡಾಡೋಕೆ ಸಣ್ಣ ದಾರಿ ಮಾಡುತ್ತಿದ್ದೇನೆ. ಒಂದು ಮೂಟೆ ಹಿಡಿಯುವ ಮಿಕ್ಸರ್ ಬಾಡಿಗೆಗೆ ತಂದಿದ್ದೇನೆ. ಕಾಂಕ್ರೀಟಿನ ಅಳತೆ 1:2:4, ಅಂದರೆ ಸಿಮೆಂಟ್ ಒಂದು, ಮರಳು ಎರಡು, ಜಲ್ಲಿ ನಾಲ್ಕು ಪಾಲು. ಮೊದಲ ಸಲ ಕಲೆಸಿದ್ದು ಉದುರುದುರು, ಎರಡನೆಯದು ನೀರು ನೀರು. ಎರಡಕ್ಕೂ ಹಾಕಿದ್ದು ಅಷ್ಟೇ ಬಕೆಟ್! ಇದಕ್ಕೆ ಲೆಕ್ಕ ಇದೆಯಾ, ಇಲ್ಲ ಬರೀ ಕೈ ಅಂದಾಜಾ?

ಉತ್ತರ 1
ಲೆಕ್ಕ ಇದೆ. ಸಿಮೆಂಟಿನ ತೂಕದ ಅರ್ಧದಷ್ಟು ನೀರು, ಅಂದರೆ 50 ಕೆಜಿ ಮೂಟೆಗೆ 25 ಲೀಟರ್. ಗಟ್ಟಿಯಾಗಲು ಸಿಮೆಂಟ್ ಹಿಡಿದುಕೊಳ್ಳುವುದು ಅದರ ತೂಕದ ಕಾಲು ಭಾಗದಷ್ಟು ನೀರು ಮಾತ್ರ. ಉಳಿದದ್ದು ಕಲೆಸೋಕೆ, ಹರಡೋಕೆ ಸುಲಭವಾಗಲಿ ಅಂತ. ಆದರೆ ಜಾಸ್ತಿ ಹಾಕಿದ ನೀರು ಆರಿಹೋದ ಮೇಲೆ ಆ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. 30 ಲೀಟರ್ ದಾಟಬೇಡಿ. ಕಂಬಿ ಕಟ್ಟಿದ ಕೆಲಸವಾದರೆ 25ಕ್ಕಿಂತ ಕೆಳಗೇ ಇರಲಿ.

ಉತ್ತರ 2
ಮರಳು ಗುಡ್ಡೆಯ ಯಾವ ಕಡೆಯಿಂದ ತೆಗೆದಿರಿ? ನಿಮ್ಮ ಗುಟ್ಟು ಅಲ್ಲೇ ಇದೆ ಅನ್ನಿಸುತ್ತದೆ.

ನನಗೂ ಹೀಗೇ ಆಗಿತ್ತು. 25 ಲೀಟರ್ ಅಳೆದೇ ಹಾಕಿದ್ದೆ, ಆದರೂ ತಟ್ಟಿ ಸಮ ಮಾಡುವಾಗ ಸಿಮೆಂಟ್ ಹಾಲು ಮೇಲೆ ತೇಲಿ ಬಂತು. ವರ್ಷ ಕಳೆದ ಮೇಲೆ ಆ ನೆಲದ ಮೇಲೆ ಬೆರಳಾಡಿಸಿದರೆ ಬಿಳಿ ಪುಡಿ! ಆಮೇಲೆ ಬುದ್ಧಿ ಬಂತು. ಒಂದು ಕೆಜಿ ಒದ್ದೆ ಮರಳನ್ನು ಹಳೇ ಬಾಣಲೆಯಲ್ಲಿ ಹುರಿದೆ. ಬಣ್ಣ ತಿಳಿಯಾಗಿ, ಸೌಟಿಗೆ ಅಂಟದೆ ಜಾರತೊಡಗಿದಾಗ ತೂಗಿದೆ. 950 ಗ್ರಾಂ. ಅಂದರೆ ಕೆಜಿಗೆ 50 ಗ್ರಾಂ ನೀರು. ಮೂಟೆಗೆ ನಾನು ಹಾಕುತ್ತಿದ್ದದ್ದು ಸುಮಾರು 100 ಕೆಜಿ ಮರಳು, ಅದರಲ್ಲೇ 5 ಲೀಟರ್ ಬಂದುಬಿಟ್ಟಿತ್ತು! ಅದರಲ್ಲಿ ಒಂದಿಷ್ಟು ಮರಳಿನ ಕಾಳಿನೊಳಗೇ ಉಳಿಯುತ್ತದೆ. ಹಾಗಾಗಿ 4 ಕಳೆದು 21 ಲೀಟರ್ ಹಾಕಿದೆ, ಸರಿಹೋಯಿತು. ಬಿಸಿಲಿಗೆ ಕಾದ ಒಣ ಜಲ್ಲಿ ಇದಕ್ಕೆ ಉಲ್ಟಾ, ಅದೇ ನೀರು ಕುಡಿಯುತ್ತದೆ.

ಇನ್ನೊಂದು ಮಾತು, ಒದ್ದೆ ಮರಳು ಉಬ್ಬುತ್ತದೆ. ಡಬ್ಬದಲ್ಲಿ ಅಳೆದರೆ ಮರಳು ಕಮ್ಮಿ ಬೀಳುತ್ತದೆ.

ಉತ್ತರ 3
ಅಷ್ಟೂ ನೀರನ್ನು ಒಟ್ಟಿಗೆ ಸುರಿಯಬೇಡಿ. ಮುಕ್ಕಾಲು ಭಾಗ ಹಾಕಿ ಮಿಕ್ಸರ್ ಎರಡು ನಿಮಿಷ ತಿರುಗಲಿ. ಮೊದಲು ಒಣಗಿದ ಹಾಗೆ ಕಂಡರೂ ತಿರುಗುತ್ತಾ ತಿರುಗುತ್ತಾ ಮೆತ್ತಗಾಗುತ್ತದೆ. ಉಳಿದದ್ದನ್ನು ಮಗ್‌ನಲ್ಲಿ ಸ್ವಲ್ಪ ಸ್ವಲ್ಪ ಹಾಕಿ. ಕೊನೆಯ ಒಂದು ಲೀಟರಿನಲ್ಲೇ ಎಲ್ಲ ಆಟ.

ಸ್ಲಂಪ್ ಕೋನ್ ಸಿಕ್ಕರೆ ಇನ್ನೂ ಒಳ್ಳೆಯದು. ಕಲೆಸಿದ್ದು ಎಷ್ಟು ಮೆತ್ತಗಿದೆ ಅಂತ ನೋಡುವ, 30 ಸೆಂಟಿಮೀಟರ್ ಎತ್ತರದ ತಗಡಿನ ಕೋನ್ ಅದು. ಮೂರು ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಕಂಬಿಯಿಂದ 25 ಸಲ ಚುಚ್ಚಿ, ನೆಟ್ಟಗೆ ಮೇಲೆತ್ತಬೇಕು. ಒಳಗಿನ ಕಾಂಕ್ರೀಟ್ 7-8 ಸೆಂಟಿಮೀಟರ್ ಕುಸಿದರೆ ನಿಮ್ಮ ಕೆಲಸಕ್ಕೆ ಸಾಕು.

ಉತ್ತರ 4
ತೀರಾ ಗಟ್ಟಿ ಅನ್ನಿಸಿದರೆ ಬರೀ ನೀರು ಸುರಿಯಬೇಡಿ. ಲೀಟರಿಗೆ 2 ಕೆಜಿ ಸಿಮೆಂಟ್ ಸೇರಿಸಿ ಹಾಕಿ, ಲೆಕ್ಕ ಕೆಡುವುದಿಲ್ಲ. ಹಾಕಿದ ಮೇಲೆ ಒಣಗದಂತೆ ಒದ್ದೆ ಇಡುವ ಕ್ಯೂರಿಂಗ್ ನೀರಿಗೆ ಮಾತ್ರ ಜಿಪುಣತನ ಬೇಡ.

ಕೇಳಿದವರು
ಗುಡ್ಡೆ ನೋಡಿ ಬಂದೆ. ಮೇಲೆ ಒಣ ಮರಳು, ಬುಡದಲ್ಲಿ ಕೈ ಹಾಕಿದರೆ ತಣ್ಣಗೆ ಒದ್ದೆ! ಎರಡನೆಯ ಸಲ ಬುಡದಿಂದಲೇ ತೆಗೆದಿದ್ದೆ. ಇವತ್ತು ಇಡೀ ಗುಡ್ಡೆ ಮಗುಚಿ, ಹುರಿದು ನೋಡಿ, 22 ಲೀಟರ್ ಹಾಕಿದೆ. ಸಲಿಕೆಯಿಂದ ಜಾರಲಿಲ್ಲ, ಉದುರಲೂ ಇಲ್ಲ. ಮಿಕ್ಕ ಮರಳಿಗೆ ಟಾರ್ಪಾಲು ಹೊದಿಸಿದ್ದೇನೆ. ಬಾಣಲೆ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ.